ಅಕ್ಕನ ನಂಬರಿನ ನಳಿಕೆ

ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಅರ್ಧ ಹಾಳೆ. ಮೇಲೆ ಒಂದು ನಂಬರು, ಕೆಳಗೆ ಒಂದೇ ಸಾಲು: ವೈರಸ್ ಕಂಡುಬಂದಿಲ್ಲ. ಹರಿದು ಒಲೆಗೆ ಹಾಕಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ, ಆಗಿಲ್ಲ. ಅದರಲ್ಲಿ ಬರೆದದ್ದು ಸುಳ್ಳಲ್ಲ, ಅದೇ ನನ್ನ ಸಂಕಟ.

ನಾನು ಭಾಲ್ಕಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹುಡುಗರು ಬೆನ್ನ ಹಿಂದೆ ನನ್ನನ್ನು ಖಾರದಪುಡಿ ಅನ್ನುತ್ತಾರೆಂದು ಗೊತ್ತು. ಅನ್ನಲಿ. ನನ್ನ ಸಿಟ್ಟಿಗೆ ಹೆದರದವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು, ನನ್ನ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ತವರು ಅಷ್ಟೂರ. ಅಲ್ಲಿ ನಾನು ಸಣ್ಣವಳಿದ್ದಾಗ ಹಟ ಹಿಡಿದು ನೆಲಕ್ಕೆ ಬಿದ್ದು ಹೊರಳಿದರೆ ಅವ್ವ ಓಡಿ ಬರುತ್ತಿದ್ದಳು. ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಹೊಳ್ಳು, ಇನ್ನಷ್ಟು ಹೊಳ್ಳು, ಅಂಗಳ ಸ್ವಚ್ಛ ಆಗ್ತದ" ಎಂದು ನಗುತ್ತಿದ್ದಳು. ಅವಳನ್ನು ಔರಾದಿನ ಆಚೆಯ ಒಂದು ಹಳ್ಳಿಗೆ, ಕುರಿ ಸಾಕುವ ಮನೆಗೆ ಕೊಟ್ಟರು.

ಆ ಮನೆಯ ಒಂದು ರೂಢಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕುರಿಹಟ್ಟಿಯ ಮೂಲೆಯಲ್ಲಿ ಒಂದು ಕಲ್ಲಿನ ಗೂಡಿದೆ, ಅದರಲ್ಲಿ ಹಟ್ಟಿಯ ದೇವರು. ಸಂಜೆ ಅಲ್ಲಿ ದೀಪ ಹಚ್ಚಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಆಮೇಲೆಯೇ ಕುರಿಗಳನ್ನು ಒಳಗೆ ಹೊಡೆಯುತ್ತಾರೆ. ಆ ದೀಪ ಹಚ್ಚುವವಳು ಮನೆಯ ಹಿರಿಯ ಹೆಂಗಸು. ಅವಳ ಮುಟ್ಟು ನಿಂತಿರಬೇಕು. ಮುಟ್ಟಾಗುವವರು ಆ ದಿನಗಳಲ್ಲಿ ಹಟ್ಟಿಯ ಕಡೆ ಸುಳಿಯುವ ಹಾಗಿಲ್ಲ. ಅಕ್ಕ ಮೂವತ್ತು ವರ್ಷ, ತಿಂಗಳಿಗೆ ಮೂರು ದಿನ, ಹೊರಗಿನ ಕಟ್ಟೆಯ ಮೇಲೆ ಹರಕು ಕಂಬಳಿ ಹಾಸಿಕೊಂಡು ಕೂತು ಎದ್ದವಳು. ಅವಳ ಅತ್ತೆ ತೀರಿಕೊಳ್ಳುವ ಹೊತ್ತಿಗೆ ಅಕ್ಕನ ಮುಟ್ಟು ನಿಂತಿತ್ತು, ದೀಪ ಅವಳ ಕೈಗೆ ಬಂತು. ಮೊದಲ ದಿನ ದೀಪ ಹಚ್ಚಿ ಬಂದು ನನಗೆ ಫೋನ್ ಮಾಡಿದಳು. "ಇನ್ನ ಯಾರ ಬಾಯಿಂದೂ ದೂರ ಸರಿ ಅನ್ನಿಸ್ಕೊಳ್ಳೋದಿಲ್ಲ ನೋಡ್ ನಾನು" ಎಂದಳು. ಇಂಥ ರೂಢಿಗಳನ್ನು ಕಂಡರೆ ಉರಿದು ಬೀಳುವವಳು ನಾನು. ಆದರೆ ಅವಳ ದನಿಯಲ್ಲಿ ಅಷ್ಟು ಸಂತೋಷ ಇತ್ತು, ಏನೂ ಅನ್ನಲಿಲ್ಲ.

ಎರಡು ಮೂರು ವರ್ಷ ಕಳೆದ ಮೇಲೆ ಆ ಊರಿಗೆ ತಪಾಸಣೆಯ ಕ್ಯಾಂಪ್ ತರಿಸಿದವಳೂ ನಾನೇ. ಬೀದರಿನಿಂದ ಒಂದು ಸಂಸ್ಥೆಯವರು ಹಳ್ಳಿ ಹಳ್ಳಿಗೆ ಬಂದು, ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ಹೆಂಗಸರಲ್ಲಿ ಇದೆಯೋ ಇಲ್ಲವೋ ನೋಡುತ್ತಿದ್ದರು. ಡಾಕ್ಟರು ಮುಟ್ಟುವುದಿಲ್ಲ, ನೋಡುವುದಿಲ್ಲ. ಹೆಂಗಸರು ತಾವೇ ಪರದೆಯ ಹಿಂದೆ ಹೋಗಿ, ಒಂದು ಮೆತ್ತನೆಯ ಸಣ್ಣ ಬ್ರಷ್ ಒಳಗೆ ತಿರುಗಿಸಿ, ನಳಿಕೆಯಲ್ಲಿ ಹಾಕಿ ಕೊಟ್ಟರೆ ಆಯಿತು. ನಳಿಕೆಯ ಮೇಲೆ ಹೆಸರೂ ಇರುವುದಿಲ್ಲ, ಬರೀ ನಂಬರು. ಇಷ್ಟು ಸುಲಭದ್ದು ನಮ್ಮ ಊರುಗಳಿಗೆ ಯಾವಾಗ ಬಂದಿತ್ತು? ನಾನು ಅವರ ಬೆನ್ನು ಹತ್ತಿ, ಜಗಳಾಡಿ, ಅಕ್ಕನ ಊರಿನ ಸಮುದಾಯ ಭವನದಲ್ಲಿ ಒಂದು ದಿನ ಇಡಿಸಿದೆ.

ಹೆಂಗಸರನ್ನು ಕೂರಿಸಿಕೊಂಡು ನಾನೇ ಹೇಳಿದೆ. ಗಂಡನ ಜೊತೆ ಬಾಳುವೆ ಮಾಡಿದ ಹೆಚ್ಚುಕಡಿಮೆ ಎಲ್ಲರಿಗೂ ಈ ವೈರಸ್ ಒಮ್ಮೆಯಾದರೂ ತಗಲುತ್ತದೆ, ಇದರಲ್ಲಿ ಯಾರ ನಡತೆಯ ಮಾತೂ ಇಲ್ಲ. ಬಹಳ ಮಂದಿಯ ಮೈ ತಾನೇ ಒಂದೆರಡು ವರ್ಷದಲ್ಲಿ ಅದನ್ನು ತೊಳೆದು ಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಹೋಗದೆ ವರ್ಷಾನುಗಟ್ಟಲೆ ಕೂರುತ್ತದೆ, ಕೇಡು ಮಾಡುವುದು ಅದೇ. ಹಲ್ಲಿಗೆ ತಂಬಾಕು ತಿಕ್ಕುತ್ತಿದ್ದ ಒಬ್ಬ ಮುದುಕಿ ಬಾಯಿ ಹಾಕಿದಳು. "ಹಂಗಾದ್ರ ನಮ್ಮ ಮುದುಕಗೂ ಒಂದ್ ಬ್ರಷ್ ಕೊಡ್ರಿ ಮೇಡಂ, ತಂದವ ಅವನೇ ಅಲ್ರೀ, ಅವನೂ ತೊಳಕೊಳ್ಳಲಿ!" ಇಡೀ ಭವನ ನಕ್ಕಿತು. ಅಕ್ಕನೂ ನಕ್ಕಳು. ನಾನು ಅವಳ ಕಡೆಯೇ ನೋಡುತ್ತಿದ್ದೆ.

ಮೂವತ್ತು ದಾಟಿದವರಿಗೆ ಮಾತ್ರ ತಪಾಸಣೆ ಇತ್ತು. ಅಕ್ಕನ ಸೊಸೆಗೆ ಇಪ್ಪತ್ತಾರು. ಕೂಸನ್ನು ಬಗಲಲ್ಲಿ ಇಟ್ಟುಕೊಂಡು ಅತ್ತೆಯ ಜೊತೆಗೆ ಸುಮ್ಮನೆ ಬಂದಿದ್ದಳು. ಮೇಜಿನ ಹಿಂದೆ ಕೂತ ನರ್ಸ್ ಒಬ್ಬೊಬ್ಬರಿಗೂ ನಂಬರು ಹಚ್ಚಿದ ನಳಿಕೆ ಕೊಡುತ್ತ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಈಗ ರಕ್ತ ಹೋಗ್ಲತ್ತಿಲ್ಲ ಹೌದಿಲ್ರಿ? ಹೋಗ್ಲತ್ತಿದ್ರ ಬಾಜೂಕ ನಿಲ್ಲರಿ." ಅಕ್ಕನಿಗೂ ಕೇಳಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು, ನಳಿಕೆ ಇಸಿದುಕೊಂಡಳು, ಪರದೆಯ ಹಿಂದೆ ಹೋದಳು. ಸೊಸೆ ಕೂಸನ್ನು ನನ್ನ ಕೈಗೆ ಕೊಟ್ಟು, ಅತ್ತೆಯ ಸೆರಗು ಹಿಡಿಯಲು ಹೋಗುವವಳಂತೆ ಹಿಂದೆಯೇ ಹೋದಳು. ನಾನು ಕೂಸಿಗೆ ಕಿಟಕಿಯ ಮೇಲಿನ ಗುಬ್ಬಿ ತೋರಿಸುತ್ತ ನಿಂತಿದ್ದೆ.

ಕೆಲವು ವಾರಗಳ ಮೇಲೆ ಕಾಗದ ಬಂತು. ಅಕ್ಕನಿಗೆ ಓದು ಬಾರದು. ನಾನೇ ಅವಳ ಅಂಗಳದಲ್ಲಿ ಕೂತು ಓದಿ ಹೇಳಿದೆ, ಔರಾದಿನಿಂದ ತಂದ ಪೇಢೆ ಊರಿಗೆಲ್ಲ ಹಂಚಿದೆ. "ನಿನ್ನ ಕ್ವಾಣನಂಥ ಮೈಯಾಗ ಯಾವ ವೈರಸ್ಸೂ ನಿಲ್ಲಂಗಿಲ್ಲ ಬಿಡಕ್ಕಾ" ಎಂದೆ. ಅವಳು ನನ್ನ ಬಾಯಿಗೊಂದು ಪೇಢೆ ತುರುಕಿ, "ಸಾಕ್ ಮಾಡು ನಿನ್ನ ಪಾಠ" ಎಂದಳು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಬರಲಿಲ್ಲ.

ಆಮೇಲಿನ ಒಂದೂವರೆ ವರ್ಷ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅಕ್ಕನಿಗೆ ಸೊಂಟ ನೋವು ಬಂತು. ಕ್ಯಾಲ್ಸಿಯಂ ಗುಳಿಗೆ ತಂದುಕೊಟ್ಟೆ. ಒಂದು ಕಾಲು ಬಾತಿತು. ಕುರಿಯ ಹಿಂದೆ ತಿರುಗುವುದು ಕಡಿಮೆ ಮಾಡು ಅಂದೆ. ಒಮ್ಮೆ ಹಟ್ಟಿಯ ಹಿಂದೆ, ಒಣಹಾಕಿದ ಕಂಬಳಿಯ ಕೆಳಗೆ, ತೊಳೆದ ಹಳೆ ಸೀರೆಯ ತುಂಡುಗಳು ಕಂಡವು. ಸೊಸೆಯವು ಅಂದುಕೊಂಡೆ. ಅವಳ ಗಂಡ ಬೀದರಿನ ಹತ್ತಿರದ ಕೊಳಾರದ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ, ಬರುವಾಗ ಬೀದರಿನಿಂದ ಅವಳಿಗೆ ಪ್ಯಾಡ್ ತಂದುಕೊಡುತ್ತಾನೆ, ಅವಳು ಬಟ್ಟೆ ಬಳಸುವುದಿಲ್ಲ ಎಂಬುದು ನನಗೆ ಗೊತ್ತೇ ಇತ್ತು. ಗೊತ್ತಿದ್ದೂ ಹಾಗೆ ಅಂದುಕೊಂಡೆ. ಅಕ್ಕ ನನ್ನ ಮಗ್ಗುಲಲ್ಲಿ ಕೂರುವುದನ್ನು ಬಿಟ್ಟು ದೂರ ಕೂರತೊಡಗಿದಳು. ನನ್ನ ಪರ್ಸಿನಲ್ಲಿ ಆ ಕಾಗದ ಇತ್ತಲ್ಲ, ಮತ್ತೇನು ಯೋಚನೆ? ಯಾರಾದರೂ ಅಕ್ಕ ಸೊರಗಿದ್ದಾಳೆ ಅಂದರೆ ಅದನ್ನು ತೆಗೆದು ತೋರಿಸುವುದಷ್ಟೇ ಬಾಕಿ.

ಒಂದು ದಿನ ಅವಳು ಭಾಲ್ಕಿಗೆ ಬಂದಳು. ಬಂದಾಗಲೆಲ್ಲ ಮನೆಗೆ ಹೋಗದೆ ನೇರ ಕಾಲೇಜಿಗೆ ಬಂದು, ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೈಚೀಲ ಇಟ್ಟುಕೊಂಡು ಕೂರುವುದು ಅವಳ ರೂಢಿ. ಹುಡುಗರಿಗೂ ಅಭ್ಯಾಸವಾಗಿತ್ತು. ಅಂದು ನಾನು ಕ್ಯಾನ್ಸರಿನ ಪಾಠ ಮಾಡುತ್ತಿದ್ದೆ. ಪುಸ್ತಕದಲ್ಲಿ ಇರುವುದು ನಾಲ್ಕು ಸಾಲು, ನನಗೋ ಇರುವುದಕ್ಕಿಂತ ಹೆಚ್ಚು ಹೇಳುವ ಚಟ. ಬೋರ್ಡಿನ ಮೇಲೆ ದೊಡ್ಡದೊಂದು ಕೋಶ ಬರೆದೆ. ಅದರೊಳಗೆ ಇಬ್ಬರು ಕಾವಲಿನವರನ್ನು ಬರೆದೆ. ಒಬ್ಬನ ಹೆಸರು ಆರ್‌ಬಿ, ಕೋಶ ಒಡೆದು ಎರಡಾಗಲು ಹೊರಟರೆ ಅಪ್ಪಣೆಯಿಲ್ಲದೆ ಬಿಡದವನು. ಇನ್ನೊಬ್ಬ ಪಿ-ಫಿಫ್ಟಿತ್ರೀ. ಕೋಶದ ಬರಹದಲ್ಲಿ, ಅಂದರೆ ಡಿಎನ್‌ಎಯಲ್ಲಿ, ಎಲ್ಲಾದರೂ ತಪ್ಪು ಬಿದ್ದರೆ ಕೆಲಸ ನಿಲ್ಲಿಸಿ ತಿದ್ದಿಸುವವನು. ತಿದ್ದಲು ಆಗದಿದ್ದರೆ, ಕೋಶವೇ ಸಾಯಲಿ, ಕೆಟ್ಟದ್ದು ಬೆಳೆಯುವುದು ಬೇಡ ಎನ್ನುವವನು.

ಈ ವೈರಸ್ ವರ್ಷಗಟ್ಟಲೆ ಒಳಗೆ ಕೂತಾಗ ಎರಡು ಪ್ರೋಟೀನುಗಳನ್ನು ಮಾಡಿಸುತ್ತದೆ. ಇ-ಸೆವೆನ್ ಎನ್ನುವುದು ಆರ್‌ಬಿಯ ಕೈ ಹಿಡಿದೆಳೆದು, ಅವನು ಹಿಡಿದಿಟ್ಟಿದ್ದನ್ನು ಬಿಡಿಸುತ್ತದೆ. ಕೋಶ ತಡೆಯಿಲ್ಲದೆ ಒಡೆಯತೊಡಗುತ್ತದೆ. ಇ-ಸಿಕ್ಸ್ ಎನ್ನುವುದು ಪಿ-ಫಿಫ್ಟಿತ್ರೀಯನ್ನು ಮುಗಿಸುತ್ತದೆ. ಮುಗಿಸುವ ರೀತಿ ನೋಡಿ, ಎಂದೆ ಹುಡುಗರಿಗೆ. ಅದು ತಾನು ಕೈ ಎತ್ತುವುದಿಲ್ಲ. ಪ್ರತಿ ಕೋಶದಲ್ಲೂ ಹಳೆಯದಾದ ಪ್ರೋಟೀನುಗಳಿಗೆ ಕಸ ಎಂದು ಗುರುತು ಹಚ್ಚುವ ಕೆಲಸಗಾರರಿದ್ದಾರೆ, ಗುರುತು ಕಂಡದ್ದನ್ನು ಚೂರು ಮಾಡುವ ಯಂತ್ರವಿದೆ. ಇ-ಸಿಕ್ಸ್ ಅಂಥ ಒಬ್ಬ ಕೆಲಸಗಾರನ ಹೆಗಲ ಮೇಲೆ ಕೈಹಾಕಿ ಕರೆತಂದು, ಒಳ್ಳೆಯ ಕಾವಲಿನವನ ಮೈಗೇ ಆ ಗುರುತು ಹಚ್ಚಿಸುತ್ತದೆ. ಮಿಕ್ಕದ್ದನ್ನು ಕೋಶದವರೇ ಮಾಡುತ್ತಾರೆ.

ಹಿಂದಿನ ಬೆಂಚಿನಿಂದ ಅಕ್ಕನ ದನಿ ಬಂತು. "ಅಂದ್ರ ಅವನಿಗಿ ಹೊರಗ ಹಾಕೋರು ಮನಿಯವರೇ ಏನು?"

ಹುಡುಗರು ತಿರುಗಿ ನೋಡಿ ನಕ್ಕರು. ನನಗೂ ಹೆಮ್ಮೆಯೇ ಆಯಿತು. ಇಡೀ ತರಗತಿಯಲ್ಲಿ ಕಿವಿಯಿಟ್ಟು ಕೇಳಿದವಳು ಅವಳೊಬ್ಬಳೇ. "ಹೌದಕ್ಕಾ, ಮನಿಯವರೇ" ಎಂದೆ.

"ನಮ್ಮ ಹಟ್ಟಿ ನಾಯಿಗಿ ಹಂಗೇ ಮಾಡಿದ್ವಿ" ಎಂದಳು. "ಯಾರೋ ಬಂದು ಹುಚ್ಚ ಹಿಡದದ ಅಂದ್ರು. ನಮ್ಮ ಮಂದಿನೇ ಬಡಿಗಿ ತಗೊಂಡು ಹೊಡದು ಹಾಕಿದ್ರು. ಹುಚ್ಚಿಲ್ಲ ಏನಿಲ್ಲ ಅದಕ್ಕ. ಅದೇ ವಾರ ತೋಳ ಬಿತ್ತು." ಮತ್ತೆ ಕೇಳಿದಳು. "ಹೋದ ಕಾವಲಿನವ ತಿರುಗಿ ಬರ್ತಾನೇನು?"

ನಾನು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ, ಪರೀಕ್ಷೆಗೆ ಓದುವವರಿಗೆ ಹೇಳಿದ ಹಾಗೆ ಹೇಳಿದೆ. "ಅವನ್ನ ಮಾಡೋ ಜೀನ್ ಕೆಟ್ಟಿರೋದಿಲ್ಲ. ದಿನಾ ಹೊಸಬ ಹುಟ್ತಾನ, ದಿನಾ ಅವನ್ನ ಹೊರಗ ಹಾಕ್ತಾರ."

ಗಂಟೆ ಹೊಡೆಯಿತು. ಹುಡುಗರು ಎದ್ದರು. ಅಕ್ಕನೂ ಎದ್ದಳು. ಅವಳು ಕೂತಿದ್ದ ಬೆಂಚಿನ ಮೇಲೆ ರಕ್ತ ಇತ್ತು. ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಅವಳಿಗೆ ಗೊತ್ತಾಗಿರಲಿಲ್ಲವೋ ಅಥವಾ ಗೊತ್ತಿದ್ದೂ ಪಾಠ ಮುಗಿಯಲಿ ಎಂದು ಹಲ್ಲು ಕಚ್ಚಿ ಕೂತಿದ್ದಳೋ ನಾನು ಕೇಳಲಿಲ್ಲ. ಒಬ್ಬ ಹುಡುಗಿ ತನ್ನ ಓಢಣಿ ತೆಗೆದು ಅವಳ ಸೊಂಟಕ್ಕೆ ಸುತ್ತಿದಳು. ಅಕ್ಕ ಆ ಹುಡುಗಿಗೆ, "ಹೊಲಸಾಗ್ತದ ಬಿಡವ್ವಾ" ಎನ್ನುತ್ತಲೇ ನನ್ನ ಮೈಮೇಲೆ ಕುಸಿದಳು.

ಬೀದರಿನ ದವಾಖಾನೆಯಲ್ಲಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿ ಹೇಳಿದರು. ಗರ್ಭಕಂಠದ ಕ್ಯಾನ್ಸರ್, ಮೂರನೆಯ ಹಂತ. ಗಡ್ಡೆ ಕೆಳಹೊಟ್ಟೆಯ ಪಕ್ಕದ ಗೋಡೆಯವರೆಗೆ ಹಬ್ಬಿದೆ, ಒಂದು ಕಡೆಯ ಮೂತ್ರಪಿಂಡದ ನಾಳ ಒತ್ತಿಹೋಗಿದೆ. ಆಪರೇಷನ್ನಿನ ಕಾಲ ದಾಟಿದೆ.

ನಾನು ಪರ್ಸಿನಿಂದ ಆ ಕಾಗದ ತೆಗೆದು ಮೇಜಿನ ಮೇಲೆ ಬಡಿದೆ. "ಇದೇನು ಹಾಗಾದರೆ? ವೈರಸ್ಸೇ ಇಲ್ಲ ಅಂತ ಬರೆದಿದ್ದೀರಿ! ಒಂದೂವರೆ ವರ್ಷ ಈ ಕಾಗದ ನಂಬಿ ಕೂತೆ ನಾನು! ಜೀವದ ಜೊತೆ ಆಟ ಆಡ್ತೀರೇನು?" ಕಾರಿಡಾರಿನ ಮಂದಿ ಬಾಗಿಲಲ್ಲಿ ಇಣುಕಿದರು. ಆ ಡಾಕ್ಟರಮ್ಮನಿಗೂ ಆ ಕಾಗದಕ್ಕೂ ಸಂಬಂಧವೇ ಇರಲಿಲ್ಲ, ಆದರೂ ಅವರು ತಾಳ್ಮೆಯಿಂದಲೇ, ಅಪರೂಪಕ್ಕೆ ಇಂಥ ತಪಾಸಣೆ ತಪ್ಪುವುದುಂಟು ಎಂದರು. ನಾನು ಮತ್ತೆ ಬಾಯಿ ಮಾಡಿದೆ. ಅಕ್ಕ ನನ್ನ ಸೆರಗು ಹಿಡಿದು ಎಳೆಯುತ್ತಲೇ ಇದ್ದಳು.

ಕಾರಿಡಾರಿಗೆ ಬಂದ ಮೇಲೆ ಗೋಡೆಗೆ ಒರಗಿ ಹೇಳಿದಳು. "ಆ ಡಾಕ್ಟರಿಗಿ ಯಾಕ ಬೈತಿ? ಆ ನಳಿಕಿ ನಂದಲ್ಲ."

"ಏನು?"

"ನಂಬರ್ ನಂದು. ಒಳಗಿಂದು ಸೊಸಿದು."

ಅವಳು ನೆಲ ನೋಡುತ್ತ ಹೇಳಿದಳು. "ಕ್ಯಾಂಪಿಗಿ ಮೊದಲೇ ಎರಡ್ ಮೂರ್ ತಿಂಗಳಿಂದ ನಂಗ ಚೂರ್ ಚೂರು ಕಾಣ್ಲತ್ತಿತ್ತು. ಅವತ್ತೂ ಇತ್ತು. ಆ ನರ್ಸಬಾಯಿ ಎಲ್ಲಾರ ಮುಂದ ಕೇಳಿದ್ಳು, ರಕ್ತ ಅದ ಏನು ಅಂತ. ಊರಿನ ಹೆಂಗಸರೆಲ್ಲ ನಿಂತಿದ್ರು. ಹೌದು ಅಂದಿದ್ರ ಅವತ್ತೇ ಸಂಜಿಗಿ ದೀಪ ಬಿಡಬೇಕಾಗ್ತಿತ್ತು. ಅಷ್ಟೇ ಅಲ್ಲ, ಇಷ್ಟ್ ದಿನ ಮುಟ್ಟಾಗೇ ದೀಪ ಹಚ್ಯಾಳ ಅಂತ ಗೊತ್ತಾಗ್ತಿತ್ತು. ಹಂಗೇ ಕೊಡಲಿಕ್ಕಿ ಬ್ರಷ್ಷಿಗಿ ರಕ್ತ ಹತ್ತತಿತ್ತು. ಸೊಸಿಗಿ ಅಂದೆ, ನೀ ಮಾಡಿ ಕೊಡು, ನೀ ಹುಡುಗಿ ಇದ್ದಿ, ನಿಂಗರೆ ಛಲೋ ಆಗ್ತದ ಅಂತ. ಅತ್ತಿ ಮಾತಿಗಿ ಅಕಿ ಇಲ್ಲ ಅಂತಾಳೇನು?"

ಆಗ ನಾನು ಆಡಿದ ಮಾತು ಬರೆಯಲು ನಾಚಿಕೆಯಾಗುತ್ತದೆ. "ನಿನ್ನ ದೀಪಕ್ಕ ಬೆಂಕಿ ಬೀಳ್ಲಿ!" ಎಂದು ಕಿರುಚಿದೆ. ಕ್ಯಾನ್ಸರ್ ಎಂದು ಈಗಷ್ಟೇ ಕೇಳಿಸಿಕೊಂಡ ಹೆಂಗಸಿನ ಎದುರು. ಅವಳು ಸಿಟ್ಟಾಗಲಿಲ್ಲ. ನನ್ನ ಬಲಗೈ ತೆಗೆದುಕೊಂಡು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಈ ಮಾತು ಯಾರ ಮುಂದೂ ತೆಗೀಬ್ಯಾಡ. ನನ್ನ ಆಣಿ ಅದ ನಿಂಗ. ಅತ್ತಿಗಿ ಕೊಂದಾಕಿ ಅಂತಾರ ಮಂದಿ ಅಕಿಗಿ. ಅಕಿ ಆ ಮನ್ಯಾಗ ಇನ್ನಾ ಬಾಳ್ವಿ ಮಾಡಬೇಕು."

ಸೊಸೆಯ ಸಲುವಾಗಿ ಕೇಳಿದಳು, ನಿಜ. ದೀಪದ ಸಲುವಾಗಿಯೂ ಕೇಳಿದಳು, ಅದೂ ನಿಜ. ನಾನು ಆಣೆ ಇಟ್ಟೆ. ಅವಳು ಬದುಕಲಿ ಎಂದು ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಇಡುತ್ತಿದ್ದೆ.

ಕಿರಣ ಚಿಕಿತ್ಸೆಗೆ ಹೈದರಾಬಾದಿಗೆ ಕರೆದುಕೊಂಡು ಹೋದೆವು. ವಾರಗಟ್ಟಲೆ ಅಲ್ಲೇ ಇದ್ದೆವು. ಅವಳನ್ನು ಒಳಗೆ ಕರೆದೊಯ್ದಾಗ ನಾನು ಹೊರಗೆ ಕಬ್ಬಿಣದ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಇಂಥ ಕೋಶಗಳಲ್ಲಿ ಆ ಎರಡು ಪ್ರೋಟೀನುಗಳ ಬಾಯಿ ಮುಚ್ಚಿಸಿದರೆ ಕಾವಲಿನವರು ತಿರುಗಿ ಬರುತ್ತಾರೆ, ಕೋಶ ಒಡೆಯುವುದನ್ನು ನಿಲ್ಲಿಸುತ್ತದೆ. ಇದನ್ನು ಓದಿದ ದಿನ ನನಗೆ ಹುಚ್ಚು ಹಿಡಿದಂತಾಯಿತು. ಒಬ್ಬ ಸಣ್ಣ ವಯಸ್ಸಿನ ಡಾಕ್ಟರನ್ನು ಲಿಫ್ಟಿನ ಬಾಗಿಲಲ್ಲಿ ಅಡ್ಡಗಟ್ಟಿದೆ. "ನನ್ನ ಅಕ್ಕನ ಜೀನ್ ಕೆಟ್ಟಿಲ್ಲ ಸರ್! ಕಾವಲಿನವರು ಇನ್ನೂ ಹುಟ್ಟುತ್ತಿದ್ದಾರೆ! ಆ ಎರಡನ್ನು ತಡೆದರೆ ಸಾಕಲ್ಲ!" ಅವರು ಪಾಪ ನಿಂತು ಕೇಳಿಸಿಕೊಂಡರು. "ನೀವು ಹೇಳುವುದು ಸರಿ ಮೇಡಂ, ತಟ್ಟೆಯಲ್ಲಿ ಆಗುತ್ತದೆ. ಕೊಡಬಹುದಾದ ಔಷಧಿಯಾಗಿ ನನ್ನ ಕೈಯಲ್ಲಿ ಇಲ್ಲ" ಎಂದರು. ಅಕ್ಕನ ಮೈಯೊಳಗೆ ಆ ಕ್ಷಣವೂ ಕಾವಲಿನವರು ಹುಟ್ಟಿ ಹುಟ್ಟಿ ಕಸಕ್ಕೆ ಹೋಗುತ್ತಿದ್ದರು. ಅದನ್ನು ಹೆಸರಿಟ್ಟು ತಿಳಿದಿದ್ದ ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಓದಿದ್ದಕ್ಕೆ ಇದೇನಾ ಫಲ ಎಂದು ಹಣೆ ಚಚ್ಚಿಕೊಂಡೆ. ಮಠ ಬಿಡಲಿಲ್ಲ, ದರ್ಗಾ ಬಿಡಲಿಲ್ಲ. ಬೆಂಕಿ ಬೀಳಲಿ ಎಂದಿದ್ದ ಆ ಹಟ್ಟಿಯ ಗೂಡಿನ ಮುಂದೆಯೂ ಹೋಗಿ ಹಣೆಗೆ ಭಂಡಾರ ಬಳಿದುಕೊಂಡು ಬಂದೆ.

ಗಡ್ಡೆ ಸ್ವಲ್ಪ ಕರಗಿತು, ನಾವು ನಕ್ಕೆವು, ಮಳೆಗಾಲ ಮುಗಿಯುವ ಮೊದಲೇ ಮತ್ತೆ ಬೆಳೆಯಿತು. ಈ ಸಲ ಮನೆಗೆ ಕರೆದುಕೊಂಡು ಹೋಗಿ ಎಂದರು. ಅಂಗಳದ ಹೊರಸಿನ ಮೇಲೆ ಅವಳನ್ನು ಮಲಗಿಸಿದೆವು. ದೀಪ ಹಚ್ಚಲು ಮುಟ್ಟು ನಿಂತ ಹೆಂಗಸು ಮನೆಯಲ್ಲಿ ಬೇರೆ ಇರಲಿಲ್ಲ. ಭಾವ ತಾವೇ ಒಂದು ಊದಿನಕಡ್ಡಿ ಹಚ್ಚಿಟ್ಟು ಕುರಿ ಒಳಗೆ ಹೊಡೆಯುತ್ತಿದ್ದರು. ಅಕ್ಕ ಆ ಕಡೆ ನೋಡುತ್ತಿರಲಿಲ್ಲ.

ಅದೇ ಹೊತ್ತಿಗೆ ಎರಡನೆಯ ಕ್ಯಾಂಪ್ ಬಂತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಭವನದ ಬಾಗಿಲಲ್ಲಿ ನಿಂತೆ. ನರ್ಸ್ ನಳಿಕೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು. ಒಬ್ಬಳೂ ಬರಲಿಲ್ಲ. ಹೆಂಗಸರು ಎದುರಿನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ನಾನು ಹೋಗಿ ಕರೆದೆ. ಹೋದ ಸಲ ನಗಿಸಿದ್ದ ಆ ತಂಬಾಕಿನ ಮುದುಕಿ ಈ ಸಲ ನಗದೆ ಹೇಳಿದಳು. "ನಿಮ್ಮಕ್ಕಗ ಏನಿಲ್ಲ ಅಂತ ಬರಕೊಟ್ರಿ. ಪೇಢಾ ತಿನಿಸಿದ್ರಿ. ಈಗ ಅಕಿ ಅಲ್ಲಿ ಒದ್ದಾಡ್ಲತ್ಯಾಳ. ಸುಳ್ಳ ತಪಾಸಣಿ ಯಾಕ ಬೇಕ್ರೀ ನಮಗ?"

ನಿಜ ಹೇಳಿಬಿಡಲು ಬಾಯಿ ತೆರೆದೆ. ಅಕ್ಕನ ನೆತ್ತಿಯ ಮೇಲೆ ಇಟ್ಟ ಕೈ ನೆನಪಾಯಿತು. ಬಾಯಿ ಮುಚ್ಚಿಕೊಂಡು ಅಕ್ಕನ ಮನೆಗೆ ಓಡಿದೆ.

ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳ ಪಾದ ಹಿಡಿದೆ. "ಅಕ್ಕಾ, ಆಣಿ ಬಿಡಸು. ಒಬ್ಬಾಕಿನೂ ಬರ್ಲತ್ತಿಲ್ಲ. ನಿಂಗ ಆದದ್ದು ಇವರಿಗೂ ಆಗ್ತದ, ಇವರಾಗ ಯಾರಿಗಿ ಅದ ಅಂತ ಹ್ಯಾಂಗ ತಿಳೀಬೇಕು? ಖರೇ ಹೇಳಲಿಕ್ಕಿ ಬಿಡು ನನಗ." ಅವಳು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ, ಒಂದೊಂದು ಮಾತಿಗೂ ಉಸಿರು ಹಿಡಿಯಬೇಕಿತ್ತು. ಆದರೂ ತಲೆಯಾಡಿಸಿದಳು. "ಬ್ಯಾಡ. ನಾ ಹೋದ ಮ್ಯಾಲೂ ಬ್ಯಾಡ" ಎಂದಳು. ನಾನು ಅತ್ತೆ, ಬೈದೆ, ಕೈಮುಗಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಸೊಸೆ ಬಾಗಿಲಲ್ಲಿ ಕೂತು ಮಗಳ ತಲೆ ಬಾಚುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹಣಿಗೆ ಕೆಳಗಿಟ್ಟು, ಅರ್ಧ ಹೆಣೆದ ಜಡೆಯಲ್ಲೇ ಮಗಳ ಕೈ ಹಿಡಿದುಕೊಂಡು ಹೊರಟಳು. ನಾನು ಹಿಂದೆ ಹೋದೆ. ಎಲ್ಲಿಗೆ ಎಂದು ಕೇಳಿದೆ. ಅವಳು ಹೆಜ್ಜೆ ಜೋರು ಮಾಡಿದಳು.

ಗಿರಣಿಯ ಕಟ್ಟೆಯ ಮುಂದೆ ನಿಂತಳು. ಎಂದೂ ತಲೆಯೆತ್ತಿ ಮಾತಾಡದ ಹುಡುಗಿ.

"ಹೋದ ಸಲ ನಮ್ಮ ಅತ್ತಿ ನಳಿಕ್ಯಾಗ ಕೊಟ್ಟಿದ್ದು ನಂದ್ರೀ" ಎಂದಳು. "ಅತ್ತಿಗಿ ಅವತ್ತ ರಕ್ತ ಹೋಗ್ಲತ್ತಿತ್ತು. ದೀಪ ಹೋಗ್ತದ ಅಂತ ನಿಮ್ಮ ಮುಂದ ಹೇಳಲಿಲ್ಲ. ನೀ ಮಾಡು ಅಂದ್ರು, ಮಾಡಿದೆ. ಏನೂ ಇಲ್ಲ ಅಂತ ಬಂದಿದ್ದು ನಂಗ. ತಪಾಸಣಿ ಸುಳ್ಳಲ್ರೀ. ಸುಳ್ಳ ನಾ ಮಾಡಿದ್ದು."

ಯಾರೋ ಒಬ್ಬಳು, "ಅಯ್ ಶಿವನೇ, ಮುಟ್ಟಾಗೇ ಹಚ್ಚಿದ್ಳಾ?" ಎಂದಳು. ಇನ್ನೊಬ್ಬಳು ಸೊಸೆಯನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿದಳು. ತಂಬಾಕಿನ ಮುದುಕಿ ಪಿಚಕ್ಕೆಂದು ಉಗುಳಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ಎಲ್ಲದ ಬ್ರಷ್? ನಡೀರಿ" ಎಂದಳು. ಅವಳ ಹಿಂದೆ ಮತ್ತೊಬ್ಬಳು ಎದ್ದಳು.

ಸಂಜೆಯ ಹೊತ್ತಿಗೆ ಜೋಡಿಸಿಟ್ಟ ನಳಿಕೆಗಳು ಹೆಚ್ಚುಕಡಿಮೆ ಮುಗಿದಿದ್ದವು. ಈ ಸಲ ಆ ಪ್ರಶ್ನೆಯನ್ನು ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಬೇಕೆಂದು ನಾನು ನರ್ಸಿಗೆ ಹೇಳಿದ್ದೆ. ಇಬ್ಬರು ಹೆಂಗಸರು ಹೌದು, ಮುಟ್ಟು ನಿಂತ ಮೇಲೂ ಕಾಣುತ್ತಿದೆ ಎಂದರು. ಅವರನ್ನು ಮರುದಿನವೇ ಬೀದರಿಗೆ ಕಳಿಸುವುದೆಂದು ಆಯಿತು.

ನಾನು ಮನೆಗೆ ಬರುವ ಮೊದಲೇ ಪಕ್ಕದ ಮನೆಯವಳು ಬಂದು ಅಕ್ಕನಿಗೆ ಸುದ್ದಿ ಮುಟ್ಟಿಸಿ ಹೋಗಿದ್ದಳು. ಊರಿಗೆಲ್ಲ ಗೊತ್ತಾಯಿತು ಎಂದಷ್ಟೇ ಹೇಳಿದ್ದಳು, ಯಾರಿಂದ ಎಂದು ಹೇಳಿರಲಿಲ್ಲ. ಅಕ್ಕ ಕಣ್ಣು ತೆರೆದು ನನ್ನನ್ನೇ ಕಾಯುತ್ತಿದ್ದಳು.

"ನೀ ಹೇಳಿದಿ" ಎಂದಳು.

ನಾನಲ್ಲ ಎಂದು ಬಾಯಿಯವರೆಗೆ ಬಂತು. ಸೊಸೆ ನೀರಿನ ತಂಬಿಗೆ ಹಿಡಿದು ಹೊರಸಿನ ತಲೆಯ ಕಡೆ ನಿಂತಿದ್ದಳು, ಅವಳ ತುಟಿ ತೆರೆಯುತ್ತಿತ್ತು. ಇವಳೇ ಊರ ಮುಂದೆ ತನ್ನ ಮಾನ ತೆಗೆದಳೆಂದು ತಿಳಿದರೆ ಅಕ್ಕ ಇವಳ ಮುಖ ನೋಡುವುದಿಲ್ಲ. ನಾನು ಭಾಲ್ಕಿಗೆ ಹೋಗಿ ಬರುವವಳು. ಹಗಲೂ ರಾತ್ರಿ ಅವಳನ್ನು ತೊಳೆದು, ಮಗ್ಗುಲು ಬದಲಿಸಿ, ಬಾಯಿಗೆ ಹನಿ ಬಿಡುವ ಕೈ ಇದೊಂದೇ. ನಾನು ಸೊಸೆಗೆ ಸುಮ್ಮನಿರು ಎಂದು ಕೈ ಮಾಡಿದೆ.

"ಹೌದಕ್ಕಾ" ಎಂದೆ. "ನಾನೇ ಹೇಳ್ದೆ."

ಅಕ್ಕ ಗೋಡೆಯ ಕಡೆ ತಿರುಗಿದಳು. ಆಮೇಲೆ ಹನ್ನೊಂದು ದಿನ ಇದ್ದಳು. ಕಾಲೇಜಿಗೆ ರಜೆ ಹಾಕಿ ಹನ್ನೊಂದು ದಿನವೂ ನಾನು ಅವಳ ಹೊರಸಿನ ಬಳಿಯೇ ಕೂತಿದ್ದೆ. ಬಾಯಾರಿದಾಗ ಸೊಸೆಯ ಕೈಯಿಂದ ನೀರು ಕುಡಿದಳು. ನನ್ನ ಕೈಯಿಂದ ಕುಡಿಯಲಿಲ್ಲ.